ಮನೆಯ ಹಾಡುಗಳಿಗೆಲ್ಲ ಕಂಪ್ಯೂಟರಿನಲ್ಲಿ ಒಂದೇ ನೆಲೆ

ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಯಾಗಲಿ, ಚಳ್ಳಕೆರೆ ಸೀಮೆಯ ಹಟ್ಟಿಯಾಗಲಿ, ಹಾಡಿನ ಸಂಗ್ರಹ ಒಂದೇ ಕಡೆ ಇರುವುದು ಅಪರೂಪ. ಕ್ಯಾಸೆಟ್ಟು ಅಟ್ಟದ ಮೇಲೆ, ಸಿ.ಡಿ. ಮತ್ತು ಮದುವೆಯ ಡಿ.ವಿ.ಡಿ. ಶೋಕೇಸಿನಲ್ಲಿ, ಒಂದಿಷ್ಟು ಹಳೆಯ ಫೋನಿನ ಮೆಮರಿ ಕಾರ್ಡಿನಲ್ಲಿ, ಉಳಿದದ್ದು ಕಾರಿನ ಪೆನ್‌ಡ್ರೈವಿನಲ್ಲಿ. ಎಲ್ಲವನ್ನೂ ಕಂಪ್ಯೂಟರಿಗೆ ತಂದು ಸುರಿದರೆ ಅಲ್ಲೂ ರಾಶಿಯೇ. ಬೇಕಾದ ಹಾಡು ಬೇಕೆಂದಾಗ ಕೈಗೆ ಸಿಗಬೇಕಾದರೆ ಪ್ರತಿ ಫೈಲಿನ ಒಳಗೇ ಅದರ ವಿವರ ಬರೆದಿರಬೇಕು. ಇದಕ್ಕೆ ಟ್ಯಾಗ್ ಎನ್ನುತ್ತಾರೆ. ಫೋಲ್ಡರಿನ ಹೆಸರು ಡಬ್ಬಿಯ ಮೇಲೆ ಅಂಟಿಸಿದ ಚೀಟಿಯಿದ್ದಂತೆ, ಫೈಲನ್ನು ಬೇರೆ ಕಡೆಗೆ ಎತ್ತಿಟ್ಟ ಕೂಡಲೇ ಕಳಚಿಕೊಳ್ಳುತ್ತದೆ. ಟ್ಯಾಗ್ ಫೈಲಿನ ಜೊತೆಯಲ್ಲೇ ಹೋಗುತ್ತದೆ. ಆದ್ದರಿಂದ ನಿಮ್ಮ ಹೆಚ್ಚಿನ ಸಮಯವನ್ನು ಅದಕ್ಕೇ ಮೀಸಲಿಡಿ.

ಜಾಗ ಮೊದಲು

ವಿಂಡೋಸ್ ಇರುವ ಸಿ ಡ್ರೈವಿನಲ್ಲಿ ಸಂಗ್ರಹ ಇಡಬೇಡಿ. ಕಂಪ್ಯೂಟರ್ ಕೆಟ್ಟಾಗ ರಿಪೇರಿಯವರು ಮೊದಲು ಫಾರ್ಮ್ಯಾಟ್ ಮಾಡುವುದು ಅದನ್ನೇ. ಬೇರೆ ಡ್ರೈವಿನಲ್ಲೋ ಹೊರಗಿನ ಹಾರ್ಡ್‌ಡಿಸ್ಕಿನಲ್ಲೋ ‘ಸಂಗ್ರಹ’ ಎಂಬ ಒಂದು ಫೋಲ್ಡರ್ ಮಾಡಿ, ಅದರೊಳಗೆ ‘ಬಂದದ್ದು’, ‘ಹಾಡು’, ‘ವಿಡಿಯೊ’, ‘ಮೂಲ’ ಎಂದು ನಾಲ್ಕು ಫೋಲ್ಡರ್ ಮಾಡಿಕೊಳ್ಳಿ. ಎಲ್ಲಿಂದ ಏನೇ ಬಂದರೂ ಮೊದಲು ‘ಬಂದದ್ದು’ ಫೋಲ್ಡರಿಗೆ. ಟ್ಯಾಗ್ ಸರಿಯಾದ ಮೇಲಷ್ಟೇ ‘ಹಾಡು’ ಫೋಲ್ಡರಿಗೆ ಬಡ್ತಿ.

ಹೊರಗಿನ ಡಿಸ್ಕಾದರೆ ಇನ್ನೊಂದು ಕೆಲಸವಿದೆ. ಇವತ್ತು ‘ಇ’ ಎಂದು ಕಾಣಿಸಿದ ಡಿಸ್ಕು ನಾಳೆ ಪೆನ್‌ಡ್ರೈವ್ ಚುಚ್ಚಿದ್ದರೆ ‘ಎಫ್’ ಆಗಿಬಿಡುತ್ತದೆ. ಆಗ ಪ್ಲೇಯರಿನ ಪಟ್ಟಿಯಲ್ಲಿರುವ ಹಾಡುಗಳೆಲ್ಲ ಕಾಣೆಯಾದಂತೆ ತೋರುತ್ತವೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ, ಆ ಡಿಸ್ಕಿನ ಮೇಲೆ ಮತ್ತೆ ರೈಟ್ ಕ್ಲಿಕ್ ಮಾಡಿ, ಚೇಂಜ್ ಡ್ರೈವ್ ಲೆಟರ್‌ಗೆ ಹೋಗಿ ‘ಎಂ’ನಂಥ ದೂರದ ಅಕ್ಷರ ಕೊಡಿ. ವಿಂಡೋಸ್ ಮೊದಲಿನ ಅಕ್ಷರಗಳನ್ನು ಸಾಲಾಗಿ ಹಂಚುವುದರಿಂದ ‘ಎಂ’ಗೆ ಸಾಮಾನ್ಯವಾಗಿ ಯಾರೂ ಕೈ ಹಾಕುವುದಿಲ್ಲ.

ಎಷ್ಟು ಜಾಗ ಬೇಕು ಎಂಬ ಲೆಕ್ಕ ಸುಲಭ. 128 ಕೆ.ಬಿ.ಪಿ.ಎಸ್. (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ನಿಮಿಷಕ್ಕೆ ಸುಮಾರು 1 ಎಂ.ಬಿ., 320ರದ್ದು 2.4 ಎಂ.ಬಿ., ಕುಗ್ಗಿಸದ ವೇವ್ ಫೈಲು ಸುಮಾರು 10 ಎಂ.ಬಿ. ಫ್ಲ್ಯಾಕ್ ಎಂಬ ಬಗೆಯಲ್ಲಿ ಉಳಿಸಿದರೆ ವೇವಿನ ಅರ್ಧದಷ್ಟೋ ಸ್ವಲ್ಪ ಹೆಚ್ಚೋ ಆಗುತ್ತದೆ, ದನಿಯಲ್ಲಿ ಕೂದಲೆಳೆಯಷ್ಟೂ ಕಳೆಯುವುದಿಲ್ಲ. 60 ನಿಮಿಷದ ಒಂದು ಕ್ಯಾಸೆಟ್ಟು ಫ್ಲ್ಯಾಕ್‌ನಲ್ಲಿ 300ರಿಂದ 350 ಎಂ.ಬಿ. ಎಂದುಕೊಂಡರೂ 200 ಕ್ಯಾಸೆಟ್ಟಿಗೆ 60-70 ಜಿ.ಬಿ. ಸಾಕು. ಒಂದು ಟಿ.ಬಿ. ಡಿಸ್ಕು ಒಂದು ಕುಟುಂಬಕ್ಕೆ ಧಾರಾಳ.

128ರ ಎಂಪಿ3ಯನ್ನು 320ಕ್ಕೆ ಏರಿಸಿ ‘ಕ್ವಾಲಿಟಿ ಹೆಚ್ಚಿಸುವ’ ಗೋಜಿಗೆ ಹೋಗಬೇಡಿ. ಕುಗ್ಗಿಸುವಾಗ ಹೋದ ದನಿ ಮರಳಿ ಬರುವುದಿಲ್ಲ, ಫೈಲು ಮಾತ್ರ ದಪ್ಪಗಾಗುತ್ತದೆ.

ಯಾವ ಸಾಫ್ಟ್‌ವೇರ್

ವಿ.ಎಲ್.ಸಿ. ಎಲ್ಲರಿಗೂ ಗೊತ್ತು. 1996ರಲ್ಲಿ ಪ್ಯಾರಿಸ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೆಲಸವಾಗಿ ಶುರುವಾದದ್ದು, ಪೂರ್ತಿ ಉಚಿತ, ಯಾವ ಫೈಲು ಕೊಟ್ಟರೂ ಹಾಡುತ್ತದೆ. ಆದರೆ ಸಾವಿರಾರು ಹಾಡನ್ನು ವಿಂಗಡಿಸಿ ಇಟ್ಟುಕೊಳ್ಳುವುದು ಅದರ ಕೆಲಸವಲ್ಲ. ಅದನ್ನು ವಿಡಿಯೊಗೆ ಇಟ್ಟುಕೊಳ್ಳಿ. ಹಾಡಿಗೆ ವಿಂಡೋಸ್‌ನಲ್ಲಿ ಮ್ಯೂಸಿಕ್‌ಬೀ ಹಾಕಿಕೊಳ್ಳಿ, ಅದೂ ಉಚಿತ. ತೀರಾ ಹಳೆಯ, 2 ಜಿ.ಬಿ. ರ‍್ಯಾಮಿನ ಕಂಪ್ಯೂಟರಾದರೆ ಫೂಬಾರ್2000 ಹಗುರ. ಲಿನಕ್ಸ್ ಬಳಸುವವರಿಗೆ ಸ್ಟ್ರಾಬೆರಿ ಇದೆ. ಟ್ಯಾಗ್ ತಿದ್ದಲು ಎಂಪಿ3ಟ್ಯಾಗ್. ಹೆಸರು ಹೀಗಿದ್ದರೂ ಅದು ಫ್ಲ್ಯಾಕ್ ಫೈಲನ್ನೂ ತಿದ್ದುತ್ತದೆ.

ಮ್ಯೂಸಿಕ್‌ಬೀ ಹಾಕಿದ ಮೇಲೆ ಪ್ರಿಫರೆನ್ಸಸ್‌ನ ಲೈಬ್ರರಿ ವಿಭಾಗದಲ್ಲಿ ‘ಹಾಡು’ ಫೋಲ್ಡರ್ ಒಂದನ್ನೇ ಕಾಯಲು ಹೇಳಿ. ಇಡೀ ಡ್ರೈವ್ ತೋರಿಸಿದರೆ ವಾಟ್ಸ್ಆ್ಯಪ್ ಆಡಿಯೊ, ಅಲಾರಂ ಸದ್ದು ಎಲ್ಲವೂ ಲೈಬ್ರರಿಗೆ ನುಗ್ಗುತ್ತವೆ. ಲೈಬ್ರರಿಗೆ ಸೇರಿದ ಫೈಲನ್ನು ಆಮೇಲೆ ವಿಂಡೋಸ್‌ನ ಫೋಲ್ಡರಿನಿಂದ ಸರಿಸಲೂಬೇಡಿ, ಹೆಸರು ಬದಲಿಸಲೂಬೇಡಿ. ಎಷ್ಟು ಸಲ ಕೇಳಿದ್ದೀರಿ ಎಂಬ ಲೆಕ್ಕವೂ ಪ್ಲೇಲಿಸ್ಟೂ ಫೈಲಿನ ವಿಳಾಸಕ್ಕೆ ಅಂಟಿಕೊಂಡಿರುತ್ತವೆ. ಸರಿಸಲೇಬೇಕಾದರೆ ಮ್ಯೂಸಿಕ್‌ಬೀಯ ಆರ್ಗನೈಸ್ ಫೈಲ್ಸ್ ಬಳಸಿ. ಅದು ಟ್ಯಾಗ್ ಓದಿ, ಆಲ್ಬಂ ಆರ್ಟಿಸ್ಟ್, ಆಲ್ಬಂ, ಟ್ರ್ಯಾಕ್ ಸಂಖ್ಯೆ, ಹಾಡು ಎಂಬ ಕ್ರಮದಲ್ಲಿ ಫೋಲ್ಡರನ್ನು ತಾನೇ ಕಟ್ಟುತ್ತದೆ. ಒತ್ತುವ ಮೊದಲು ಪ್ರಿವ್ಯೂ ನೋಡಿ. ಟ್ಯಾಗ್ ಖಾಲಿಯಿದ್ದ ನೂರಾರು ಫೈಲು ‘ಅನ್‌ನೋನ್’ ಎಂಬ ಒಂದೇ ಫೋಲ್ಡರಿಗೆ ಹೋಗಿ ಬೀಳುವುದು ಇಲ್ಲೇ.

ಟ್ಯಾಗ್ ಬರೆಯುವ ಕ್ರಮ

ಎಂಪಿ3ಟ್ಯಾಗ್‌ನಲ್ಲಿ ಒಂದು ಫೋಲ್ಡರ್ ತೆರೆದು ಎಲ್ಲ ಫೈಲು ಆಯ್ದುಕೊಂಡರೆ ಎಡಗಡೆ ಟೈಟಲ್, ಆರ್ಟಿಸ್ಟ್, ಆಲ್ಬಂ, ಇಯರ್, ಟ್ರ್ಯಾಕ್, ಜಾನರ್, ಕಾಮೆಂಟ್, ಆಲ್ಬಂ ಆರ್ಟಿಸ್ಟ್, ಕಂಪೋಸರ್ ಎಂಬ ಖಾನೆಗಳು ಕಾಣುತ್ತವೆ. ಎಲ್ಲಕ್ಕೂ ಸಮಾನವಾದದ್ದನ್ನು ಒಮ್ಮೆ ಬರೆದು ಕಂಟ್ರೋಲ್ ಮತ್ತು ಎಸ್ ಒತ್ತಿ. ಫೈಲಿನ ಹೆಸರಿನಲ್ಲಿ ಆಗಲೇ ಹಾಡಿನ ಹೆಸರಿದ್ದರೆ ಆಲ್ಟ್ ಮತ್ತು 2 ಒತ್ತಿದಾಗ ಅದು ಟ್ಯಾಗಿಗೆ ಇಳಿಯುತ್ತದೆ. ಟ್ಯಾಗ್ ಸರಿಯಿದ್ದು ಫೈಲಿನ ಹೆಸರು ಕೆಟ್ಟಿದ್ದರೆ ಆಲ್ಟ್ ಮತ್ತು 1. ಟ್ರ್ಯಾಕ್ ಸಂಖ್ಯೆಗೆ ಕಂಟ್ರೋಲ್ ಮತ್ತು ಕೆ. ಸಂಖ್ಯೆಯನ್ನು 01, 02 ಎಂದೇ ಕೊಡಿ. ಬರೀ 1, 2 ಎಂದು ಕೊಟ್ಟರೆ ಕೆಲವು ಪ್ಲೇಯರುಗಳಲ್ಲಿ 1 ಆದ ಮೇಲೆ 10 ಹಾಡುತ್ತದೆ.

ಚಿತ್ರಗೀತೆಗಳಲ್ಲಿ ಎಲ್ಲರೂ ಎಡವುವುದು ಆಲ್ಬಂ ಆರ್ಟಿಸ್ಟ್ ಖಾನೆಯಲ್ಲಿ. ಒಂದು ಸಿನಿಮಾಕ್ಕೆ ಆರು ಹಾಡು: ಎರಡು ಗಾಯಕ ಒಬ್ಬರೇ ಹಾಡಿದ್ದು, ಒಂದು ಗಾಯಕಿಯದು, ಎರಡು ಇಬ್ಬರದು, ಒಂದು ವೃಂದದ್ದು. ಆಲ್ಬಂ ಆರ್ಟಿಸ್ಟ್ ಖಾಲಿ ಬಿಟ್ಟರೆ ಸಾಫ್ಟ್‌ವೇರು ಆರ್ಟಿಸ್ಟ್ ಖಾನೆಯನ್ನೇ ನೋಡಿ ಒಂದೇ ಸಿನಿಮಾವನ್ನು ನಾಲ್ಕು ಆಲ್ಬಂ ಎಂದು ಒಡೆದು ತೋರಿಸುತ್ತದೆ. ಆಲ್ಬಂ ಆರ್ಟಿಸ್ಟ್‌ನಲ್ಲಿ ಆರೂ ಹಾಡಿಗೆ ಸಂಗೀತ ನಿರ್ದೇಶಕರ ಹೆಸರು ಹಾಕಿ, ಆರ್ಟಿಸ್ಟ್‌ನಲ್ಲಿ ಹಾಡಿದವರು, ಕಂಪೋಸರ್‌ನಲ್ಲಿ ಮತ್ತೆ ಸಂಗೀತ ನಿರ್ದೇಶಕರು. ಗೀತರಚನೆಕಾರರಿಗೆ ಲಿರಿಸಿಸ್ಟ್ ಎಂಬ ಖಾನೆ ಇದೆ, ಆಲ್ಟ್ ಮತ್ತು ಟಿ ಒತ್ತಿ ಸೇರಿಸಬಹುದು. ಬರೆದವರ ಹೆಸರು ಬಿಟ್ಟುಬಿಡಬೇಡಿ. ಕನ್ನಡದ ಕೇಳುಗರು ಹಾಡನ್ನು ಕವಿಯ ಹೆಸರಿನಿಂದಲೂ ಹುಡುಕುತ್ತಾರೆ. ಇಬ್ಬರು ಹಾಡಿದ್ದರೆ ಮ್ಯೂಸಿಕ್‌ಬೀಯಲ್ಲಿ ಎರಡು ಹೆಸರಿನ ನಡುವೆ ಅರ್ಧವಿರಾಮ (;) ಹಾಕಿ, ಇಬ್ಬರ ಪಟ್ಟಿಯಲ್ಲೂ ಆ ಹಾಡು ಬರುತ್ತದೆ.

ಮನೆಯಲ್ಲಿ, ಊರಿನಲ್ಲಿ ರೆಕಾರ್ಡ್ ಮಾಡಿದವಕ್ಕೆ ಕ್ರಮ ಬೇರೆ. ಸೋಬಾನೆಗೋ, ಹಿರಿಯೂರು-ಚಳ್ಳಕೆರೆ ಕಡೆಯ ಕಾಡುಗೊಲ್ಲರು ಗಣೆ ಎಂಬ ಕೊಳಲಿನೊಂದಿಗೆ ಹಾಡುವ ಗಣೆ ಪದಕ್ಕೋ ಮುದ್ರಿತ ಹೆಸರಿರುವುದಿಲ್ಲ. ಟೈಟಲ್‌ನಲ್ಲಿ ಹಾಡಿನ ಮೊದಲ ಸಾಲನ್ನು ಹಾಡಿದವರ ಬಾಯಲ್ಲಿ ಬಂದಂತೆಯೇ ಬರೆಯಿರಿ, ಗ್ರಂಥಭಾಷೆಗೆ ತಿದ್ದಬೇಡಿ. ಆರ್ಟಿಸ್ಟ್‌ನಲ್ಲಿ ಹಾಡಿದವರು. ಆಲ್ಬಂನಲ್ಲಿ ಊರು, ಸಂದರ್ಭ, ವರ್ಷ: ‘ನಾಯಕನಹಟ್ಟಿ ಜಾತ್ರೆ 1994’ ಎಂಬ ಹಾಗೆ. ವರ್ಷ ಖಚಿತವಿಲ್ಲದಿದ್ದರೆ ಇಯರ್ ಖಾನೆ ಖಾಲಿ ಬಿಟ್ಟು ಕಾಮೆಂಟ್‌ನಲ್ಲಿ ‘1990ರ ಸುಮಾರು’ ಎನ್ನಿ, ಇಯರ್ ಖಾನೆಗೆ ಅಂಕಿ ಮಾತ್ರ ಒಗ್ಗುತ್ತದೆ. ಕ್ಯಾಸೆಟ್ಟಿನ ಮೇಲೆ ಕೈಬರಹದಲ್ಲಿ ಏನಿದೆ, ಎ ಮಗ್ಗುಲೋ ಬಿ ಮಗ್ಗುಲೋ, ರೆಕಾರ್ಡ್ ಮಾಡಿದವರು ಯಾರು ಎಂಬುದೂ ಕಾಮೆಂಟಿಗೇ. ಹಾಡಿದ ಅಜ್ಜಿಯ ದನಿ ಗುರುತಿಸುವವರು ಮನೆಯಲ್ಲಿ ಇರುವಾಗಲೇ ಕೂರಿಸಿಕೊಂಡು ಕೇಳಿ ಬರೆದುಕೊಳ್ಳಿ. ಈ ಒಂದು ವಿವರವನ್ನು ಯಾವ ಸಾಫ್ಟ್‌ವೇರೂ ಆಮೇಲೆ ಹುಡುಕಿ ಕೊಡಲಾರದು.

ನಾಟಕದ ರೆಕಾರ್ಡಿಂಗ್ ಈ ಸೀಮೆಯಲ್ಲಿ ಸಾಕಷ್ಟು ಮನೆಗಳಲ್ಲಿ ಇರಬಹುದು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ದಾವಣಗೆರೆ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ನಾಟಕ ತಂಡ 1997ರಿಂದ ಊರೂರು ತಿರುಗುತ್ತಿದೆ. ನಾಟಕಕ್ಕೆ ಆಲ್ಬಂ ಆರ್ಟಿಸ್ಟ್ ಎಂದರೆ ತಂಡ, ಆಲ್ಬಂ ಎಂದರೆ ನಾಟಕದ ಹೆಸರು. ಹಾಡು ಹಾಡಾಗಿ ಕತ್ತರಿಸದೆ ಕ್ಯಾಸೆಟ್ಟಿನ ಒಂದೊಂದು ಮಗ್ಗುಲಿಗೆ ಒಂದೊಂದು ಟ್ರ್ಯಾಕ್ ಇಡಿ, ಮಾತಿನ ಓಟ ಉಳಿಯುತ್ತದೆ.

ಜಾನರ್ ಖಾನೆಗೆ ಹತ್ತು ಹನ್ನೆರಡು ಹೆಸರು ಸಾಕು: ಚಿತ್ರಗೀತೆ, ಭಾವಗೀತೆ, ವಚನ, ತತ್ವಪದ, ಸೋಬಾನೆ, ಗಣೆ ಪದ, ರಂಗಗೀತೆ, ನಾಟಕ, ಹರಿಕಥೆ, ಭಜನೆ. ಇವನ್ನು ಒಂದು ಕಾಗದದಲ್ಲಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿ. ಮುಖಚಿತ್ರ 600 ಪಿಕ್ಸೆಲ್ ಚೌಕದ ಜೆಪೆಗ್ ಸಾಕು. ಫೋನಿನಲ್ಲಿ ತೆಗೆದ 4 ಎಂ.ಬಿ. ಫೋಟೊವನ್ನು ಹಾಗೇ ತುರುಕಿದರೆ ಪ್ರತಿ ಹಾಡಿಗೂ 4 ಎಂ.ಬಿ. ಹೆಚ್ಚಾಗುತ್ತದೆ.

ಕನ್ನಡ ಅಕ್ಷರದ ತೊಡಕುಗಳು

ಟ್ಯಾಗನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಶ್ರೀನಿವಾಸ್ ಎಂಬ ಒಂದು ಹೆಸರಿಗೆ ಐದಾರು ಕಾಗುಣಿತ ಹುಟ್ಟಿಕೊಳ್ಳುತ್ತದೆ. ಕನ್ನಡದಲ್ಲಿ ಆ ತೊಂದರೆ ಕಡಿಮೆ. ಕಡಿಮೆ ಅಷ್ಟೇ, ಇಲ್ಲವೇ ಇಲ್ಲ ಎಂದಲ್ಲ.

ಮ್ಯೂಸಿಕ್‌ಬೀಯ ಗಾಯಕರ ಪಟ್ಟಿಯಲ್ಲಿ ‘ಪಿ.ಬಿ. ಶ್ರೀನಿವಾಸ್’ ಎಂದು ಒಂದರ ಕೆಳಗೊಂದು ಎರಡು ಸಲ ಬಂದಿರುತ್ತದೆ. ಕಣ್ಣಿಗೆ ಎರಡೂ ಒಂದೇ. ಒಂದರ ಕೊನೆಯಲ್ಲಿ ಮಾತ್ರ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ: ಕೊನೆಯ ವ್ಯಂಜನ ಮುಂದಿನದಕ್ಕೆ ಒತ್ತಾಗಿ ಸೇರದಂತೆ ತಡೆಯುವ ಚಿಹ್ನೆ, ಶೂನ್ಯ ಅಗಲದ ಬೇರ್ಪಡಕ. ಕೆಲವು ಕೀಬೋರ್ಡುಗಳು ಅದನ್ನು ತಾವೇ ಹಾಕುತ್ತವೆ, ಕೆಲವು ಹಾಕುವುದಿಲ್ಲ. ಹೆಸರನ್ನು ನೋಟ್‌ಪ್ಯಾಡಿಗೆ ಅಂಟಿಸಿ, ಕೊನೆಯಿಂದ ಬಾಣದ ಕೀಲಿಯಲ್ಲಿ ಹಿಂದಕ್ಕೆ ಬನ್ನಿ. ಕೀಲಿ ಒತ್ತಿದರೂ ಕರ್ಸರ್ ಒಮ್ಮೆ ಕದಲದೆ ನಿಂತರೆ ಅಲ್ಲಿ ಅದು ಇದೆ ಎಂದು ತಿಳಿಯಿರಿ. ಪದದ ಕೊನೆಯಲ್ಲಿದ್ದರೆ ಅಳಿಸಿ. ಪದದ ನಡುವೆ ಇದ್ದರೆ ಮುಟ್ಟಬೇಡಿ. ‘ರಾಜ್‌ಕುಮಾರ್’ನಲ್ಲಿ ಅದನ್ನು ತೆಗೆದರೆ ‘ರಾಜ್ಕುಮಾರ್’ ಆಗಿ ಒತ್ತಕ್ಷರ ಮೂಡುತ್ತದೆ. ಹಾಗಾಗಿ ಎಲ್ಲ ಫೈಲಿನಿಂದಲೂ ಒಂದೇ ಏಟಿಗೆ ಅದನ್ನು ಕಿತ್ತುಹಾಕುವ ಆಜ್ಞೆ ಕೊಡಬೇಡಿ. ಸುಲಭದ ದಾರಿ ಎಂದರೆ ಪಟ್ಟಿಯಲ್ಲಿ ಎರಡೂ ಹೆಸರನ್ನು ಆಯ್ದು, ರೈಟ್ ಕ್ಲಿಕ್ ಮಾಡಿ ಎಡಿಟ್‌ಗೆ ಹೋಗಿ, ಹೆಸರನ್ನು ಒಮ್ಮೆ ಹೊಸದಾಗಿ ಟೈಪ್ ಮಾಡಿ ಸೇವ್ ಮಾಡುವುದು.

ಚುಕ್ಕಿಯ ವಿಷಯವೂ ಇದೇ ಥರ. ‘ಎಸ್. ಜಾನಕಿ’, ‘ಎಸ್ ಜಾನಕಿ’, ‘ಎಸ್.ಜಾನಕಿ’ ಸಾಫ್ಟ್‌ವೇರಿಗೆ ಮೂವರು. ಒಂದು ರೂಪ ಗೊತ್ತು ಮಾಡಿಕೊಂಡು ಅದನ್ನೇ ಹಿಡಿಯಿರಿ. ಮ್ಯಾಕ್ ಕಂಪ್ಯೂಟರಿನಿಂದ ಬಂದ ಫೈಲುಗಳ ಹೆಸರಿನಲ್ಲಿ ‘ೊ’, ‘ೋ’ ಸ್ವರಚಿಹ್ನೆಗಳು ಎರಡು ಮೂರು ತುಂಡಾಗಿ ಕೂತಿರುವುದುಂಟು, ಆಗ ಹುಡುಕಿದರೆ ಹಾಡು ಸಿಗುವುದಿಲ್ಲ. ಅಂಥ ಪದವನ್ನೂ ಮತ್ತೆ ಟೈಪ್ ಮಾಡಿದರೆ ಸರಿಹೋಗುತ್ತದೆ.

2000ದ ಆಸುಪಾಸಿನಲ್ಲಿ ನುಡಿ, ಬರಹ ಫಾಂಟಿನಲ್ಲಿ ಬರೆದ ಟ್ಯಾಗ್ ಈಗ ಇಂಗ್ಲಿಷ್ ಅಕ್ಷರ, ಗೀಟು, ಟೊಪ್ಪಿಗೆ ಹೊತ್ತ ಅಕ್ಷರಗಳ ಕಿಚಡಿಯಾಗಿ ಕಾಣುತ್ತದೆ. ಆ ಬರಹ ಕೆಟ್ಟಿಲ್ಲ, ಈಗ ಎಲ್ಲ ಕಂಪ್ಯೂಟರುಗಳೂ ಬಳಸುವ ಯೂನಿಕೋಡ್ ಸಂಕೇತದಲ್ಲಿಲ್ಲ ಅಷ್ಟೇ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ಮರಳಿ ಕನ್ನಡವಾಗುತ್ತದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಅಕ್ಷರ ನಿಜಕ್ಕೂ ಹೋಗಿದೆ ಎಂದರ್ಥ. ಇದಕ್ಕೆ ಕಾರಣ ಹಲವು ಸಲ ಎಂಪಿ3 ಫೈಲಿನಲ್ಲಿ ಬಳಸುವ ಐಡಿ3 ಟ್ಯಾಗಿನ ಮೊದಲ ಆವೃತ್ತಿ (ಐಡಿ3ವಿ1). ಅದು ಫೈಲಿನ ಕೊನೆಯ 128 ಬೈಟಿನಲ್ಲಿ ಕೂರುತ್ತದೆ, ಒಂದು ಹೆಸರಿಗೆ 30 ಅಕ್ಷರದ ಜಾಗ, ಕನ್ನಡ ಅದಕ್ಕೆ ಬಾರದು. ಎಂಪಿ3ಟ್ಯಾಗ್‌ನ ಆಪ್ಶನ್ಸ್‌ನಲ್ಲಿ ಟ್ಯಾಗ್ಸ್, ಅದರೊಳಗೆ ಎಂಪೆಗ್ ತೆರೆದು, ಬರೆಯುವ ಸಾಲಿನಲ್ಲಿ ಐಡಿ3ವಿ1 ಗುರುತು ತೆಗೆಯಿರಿ, ಐಡಿ3ವಿ2.3 ಯುಟಿಎಫ್-16 ಇರಲಿ. ಫ್ಲ್ಯಾಕ್‌ಗೆ ಈ ರಗಳೆ ಇಲ್ಲ, ಅದರ ಟ್ಯಾಗ್ ಯಾವಾಗಲೂ ಯೂನಿಕೋಡೇ. ಪ್ಲೇಲಿಸ್ಟ್ ಉಳಿಸುವಾಗಲೂ ಎಂ3ಯು ಬಿಟ್ಟು ಯೂನಿಕೋಡಿನ ಎಂ3ಯು8 ಆರಿಸಿ.

ಹೆಸರಿನ ಉದ್ದಕ್ಕೂ ಮಿತಿಯಿದೆ. ವಿಂಡೋಸ್‌ನಲ್ಲಿ ಫೋಲ್ಡರುಗಳೂ ಸೇರಿ ಇಡೀ ವಿಳಾಸ 260 ಅಕ್ಷರ ದಾಟಿದರೆ ಹಲವು ಸಾಫ್ಟ್‌ವೇರುಗಳು ಮುಗ್ಗರಿಸುತ್ತವೆ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟು. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟು ಬೇಕು, ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಹದಿನೆಂಟೋ ಇಪ್ಪತ್ತೊಂದೋ ಹೋಗುತ್ತದೆ. ಹಾಗಾಗಿ ಪೂರ್ತಿ ಸಾಲು ಟ್ಯಾಗಿನಲ್ಲಿರಲಿ, ಫೈಲಿಗೆ ಮೂರು ನಾಲ್ಕು ಪದ ಸಾಕು.

ಕ್ಯಾಸೆಟ್ಟು

ಶೀಟಿನ ಮನೆಯ ಅಟ್ಟದಲ್ಲಿ ಹತ್ತಾರು ಬೇಸಿಗೆ ಕಳೆದ ಕ್ಯಾಸೆಟ್ಟನ್ನು ತಂದ ಕೂಡಲೇ ಹಾಕಬೇಡಿ. ಟೇಪಿನ ಮೇಲೆ ಬಿಳಿ ಬೂಸಲು ಕಂಡರೆ ಬೇರೆ ಇಡಿ, ಅದು ಪ್ಲೇಯರಿನ ಹೆಡ್ಡಿಗೂ ಹತ್ತುತ್ತದೆ. ಚೊಕ್ಕಟವಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿಸಿ, ಅಂಟಿಕೊಂಡ ಸುತ್ತು ಬಿಡುತ್ತದೆ. ಟೇಪು ಕಾಣುವ ಬದಿಯಲ್ಲಿ, ನಡುವೆ, ತಗಡಿನ ಪಟ್ಟಿಯ ಮೇಲೆ ಚಿಕ್ಕ ಮೆತ್ತೆ ಇರುತ್ತದೆ. ಅದು ಉದುರಿದ್ದರೆ ದನಿ ಮಂಕಾಗಿ ಬರುತ್ತದೆ, ಕೆಲಸಕ್ಕೆ ಬಾರದ ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಸುರುಳಿ ಬದಲಿಸಿ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಕಂದು ಬಣ್ಣ ಬರುವುದು ನಿಲ್ಲುವತನಕ.

ಎಲ್ಲ ಸರಿಯಿದ್ದೂ ದನಿ ಕಂಬಳಿಯೊಳಗಿಂದ ಬಂದಂತಿದ್ದರೆ ಹೆಡ್ಡಿನ ಓರೆ ಬೇರೆಯಾಗಿದೆ. ಹೆಡ್ಡಿನ ಪಕ್ಕ ಎರಡು ತಿರುಪು ಇರುತ್ತವೆ. ಸ್ಪ್ರಿಂಗ್ ಇರುವುದನ್ನು ಹಾಡು ನಡೆಯುತ್ತಿರುವಾಗಲೇ ಸಣ್ಣ ಸ್ಕ್ರೂಡ್ರೈವರಿನಿಂದ ಕಾಲು ಸುತ್ತಿಗಿಂತ ಕಡಿಮೆ ಆಚೀಚೆ ತಿರುಗಿಸಿ. ತಾಳದ, ಬಳೆಯ ಸದ್ದು ಥಟ್ಟನೆ ಸ್ಪಷ್ಟವಾಗುವ ಒಂದು ಬಿಂದು ಸಿಗುತ್ತದೆ. ಅಲ್ಲಿ ನಿಲ್ಲಿಸಿ. ಬೇರೆ ಟೇಪ್ ರೆಕಾರ್ಡರಿನಲ್ಲಿ ತುಂಬಿದ ಕ್ಯಾಸೆಟ್ಟಿಗೆ ಮತ್ತೆ ಹೊಂದಿಸಬೇಕಾಗಬಹುದು.

ಪ್ಲೇಯರಿನ ಇಯರ್‌ಫೋನ್ ತೂತಿನಿಂದ 3.5 ಎಂ.ಎಂ. ಸ್ಟೀರಿಯೊ ವೈರನ್ನು ಡೆಸ್ಕ್‌ಟಾಪಿನ ಹಿಂದಿನ ನೀಲಿ ತೂತಿಗೆ, ಅಂದರೆ ಲೈನ್-ಇನ್‌ಗೆ ಹಾಕಿ. ಲ್ಯಾಪ್‌ಟಾಪಿನ ಒಂದೇ ತೂತಿಗೆ ನೇರ ಹಾಕಬೇಡಿ. ಅದರಲ್ಲಿ ಮೈಕಿನ ದಾರಿ ಒಂದೇ ಚಾನೆಲ್, ದನಿ ಒಡೆದು ಬರುತ್ತದೆ. ಲೈನ್-ಇನ್ ಇರುವ ಯು.ಎಸ್.ಬಿ. ಸೌಂಡ್ ಕಾರ್ಡ್ ಕೊಳ್ಳಿ. ಹಿನ್ನೆಲೆಯಲ್ಲಿ ‘ಹ್ಞೂಂ’ ಎಂಬ ಗುಂಯ್‌ಗಾಟ ಇದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ, ಬಹಳಷ್ಟು ಸಲ ಅಷ್ಟಕ್ಕೇ ಹೋಗುತ್ತದೆ. ನಡುವೆ ಕರೆಂಟ್ ಹೋಗುವ ಭಯವೂ ಇಲ್ಲ.

ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ 44100 ಹರ್ಟ್ಸ್, ಸ್ಟೀರಿಯೊ ಇಟ್ಟು, ಹಾಡಿನ ಅತಿ ಜೋರಿನ ಜಾಗದಲ್ಲಿ ಮೀಟರು ಮೈನಸ್ 12 ಮತ್ತು ಮೈನಸ್ 6 ಡೆಸಿಬೆಲ್ (ಡಿ.ಬಿ.) ನಡುವೆ ಆಡುವಂತೆ ವಾಲ್ಯೂಮ್ ಹೊಂದಿಸಿ. ಸೊನ್ನೆ ಮುಟ್ಟಿ ತಲೆ ಕತ್ತರಿಸಿದ ದನಿಯನ್ನು ಸರಿಮಾಡಲಾಗದು. 60 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು 30 ನಿಮಿಷ, ಮೇಲೆ ಒಂದೆರಡು ನಿಮಿಷ. 33-34 ತೆಗೆದುಕೊಂಡರೆ ಪ್ಲೇಯರಿನ ಬೆಲ್ಟ್ ಸಡಿಲವಾಗಿ ನಿಧಾನ ಓಡುತ್ತಿದೆ ಎಂದರ್ಥ. ಬೆಲ್ಟ್ ಬದಲಿಸಿ ಮತ್ತೆ ತುಂಬಿಕೊಳ್ಳಿ.

ಮುಗಿದ ಕೂಡಲೇ, ಏನೂ ತಿದ್ದದೆ, ಒಂದು ಫ್ಲ್ಯಾಕ್ ಪ್ರತಿಯನ್ನು ‘ಮೂಲ’ ಫೋಲ್ಡರಿಗೆ ಉಳಿಸಿ. ಸದ್ದು ತೆಗೆಯುವ ಕೆಲಸ ಆಮೇಲೆ: ಹಾಡಿಲ್ಲದ ಒಂದೆರಡು ಸೆಕೆಂಡಿನ ಬರೀ ‘ಸ್ಸ್’ ಜಾಗ ಆಯ್ದು ನಾಯ್ಸ್ ಪ್ರೊಫೈಲ್ ತೆಗೆದುಕೊಳ್ಳಿ, ಬಳಿಕ ಪೂರ್ತಿ ಆಯ್ದು 6ರಿಂದ 9 ಡಿ.ಬಿ. ಮಾತ್ರ ಇಳಿಸಿ. 20ಕ್ಕೆ ಎಳೆದರೆ ಹೆಂಗಸರ ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಭದ್ರಾವತಿ ಆಕಾಶವಾಣಿಯಿಂದ ತುಂಬಿಕೊಂಡ ಹಾಡುಗಳ ಹಿಂದಿರುವ ರೇಡಿಯೊ ಗೊರಗೊರಕ್ಕೂ ಅಷ್ಟೇ ಮಿತಿ. ಕೇಳುತ್ತಾ ಹೋಗಿ ಪ್ರತಿ ಹಾಡು ಶುರುವಾಗುವಲ್ಲಿ ಕಂಟ್ರೋಲ್ ಮತ್ತು ಎಂ ಒತ್ತಿ ಮೊದಲ ಸಾಲನ್ನು ಕನ್ನಡದಲ್ಲೇ ಬರೆಯಿರಿ. ಎಕ್ಸ್‌ಪೋರ್ಟ್ ಮಾಡುವಾಗ ಮಲ್ಟಿಪಲ್ ಫೈಲ್ಸ್ ಆರಿಸಿದರೆ ಲೇಬಲ್ ಇದ್ದಲ್ಲೆಲ್ಲ ತುಂಡಾಗಿ ಹೆಸರಿನ ಸಮೇತ ಬರುತ್ತವೆ. ಸಾಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಇದ್ದರೆ ವಿಂಡೋಸ್ ಫೈಲಿನ ಹೆಸರಿಗೆ ಒಪ್ಪುವುದಿಲ್ಲ, ಅವನ್ನು ಬಿಡಿ.

ಮದುವೆ ಡಿ.ವಿ.ಡಿ., ಕಾರಿನ ಪೆನ್‌ಡ್ರೈವ್

ಸ್ಟುಡಿಯೊದವರು ಕೊಟ್ಟ ಡಿ.ವಿ.ಡಿ.ಯ ಬಣ್ಣದ ಪದರ ವರ್ಷ ಕಳೆದಂತೆ ಮಂಕಾಗುತ್ತದೆ, ಓದಲು ಬರುವಾಗಲೇ ಪೂರ್ತಿ ಫೋಲ್ಡರನ್ನು ಡಿಸ್ಕಿಗೆ ಕಾಪಿ ಮಾಡಿ. ಒಳಗೆ ಒಂದೊಂದು ಜಿ.ಬಿ.ಯ ವಿ.ಒ.ಬಿ. ತುಂಡುಗಳಿರುತ್ತವೆ. ವಿಡಿಯೊ ಬಗೆ ಬದಲಿಸುವ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿಗೆ ಅವನ್ನು ತುಂಡು ತುಂಡಾಗಿ ಕೊಡದೆ ಇಡೀ ಫೋಲ್ಡರ್ ತೋರಿಸಿ. ವಿಡಿಯೊ ಬಗೆ ಎಚ್.264, ಗುಣಮಟ್ಟದ ಅಂಕಿ ಆರ್.ಎಫ್. 20 ಇರಲಿ, ಅಳತೆ 720ಕ್ಕೆ 576 ಹಾಗೇ ಇರಲಿ. ಕೈ ಬೀಸಿದಾಗ ಬಾಚಣಿಗೆಯಂಥ ಗೆರೆ ಕಂಡರೆ ಡಿ-ಇಂಟರ್‌ಲೇಸ್ ಹಾಕಿ. ಬರೀ ನೋಡಲಾದರೆ ವಿ.ಎಲ್.ಸಿ.ಯಲ್ಲಿ ಡಿ ಕೀಲಿ ಒತ್ತಿದರೆ ಸಾಕು. ತುಟಿಗೂ ಮಾತಿಗೂ ತಾಳೆಯಾಗದಿದ್ದರೆ ಅಲ್ಲೇ ಜೆ ಮತ್ತು ಕೆ ಒತ್ತಿ, ಪ್ರತಿ ಒತ್ತಿಗೆ 50 ಮಿಲಿಸೆಕೆಂಡ್ ಸರಿಯುತ್ತದೆ.

ಕಾರಿನ ಸ್ಟೀರಿಯೊಗಳಲ್ಲಿ ಹಲವಕ್ಕೆ ಕನ್ನಡ ಫಾಂಟ್ ಇರುವುದಿಲ್ಲ, ಬರೀ ಡಬ್ಬಿ ಕಾಣುತ್ತದೆ. ಅದಕ್ಕಾಗಿ ಮೂಲ ಫೈಲಿನ ಟ್ಯಾಗ್ ಇಂಗ್ಲಿಷಿಗೆ ಬದಲಿಸಬೇಡಿ, ಪೆನ್‌ಡ್ರೈವಿಗೆ ಹೋಗುವ ಪ್ರತಿಯಲ್ಲಿ ಬದಲಿಸಿಕೊಳ್ಳಿ. ಪೆನ್‌ಡ್ರೈವ್ ಫ್ಯಾಟ್32 ಬಗೆಯಲ್ಲಿ ಫಾರ್ಮ್ಯಾಟ್ ಆಗಿರಲಿ. ಹಾಡಿನ ಕ್ರಮ ತಪ್ಪುತ್ತಿದ್ದರೆ ಆ ಪ್ಲೇಯರು ಹೆಸರು ನೋಡದೆ ಕಾಪಿಯಾದ ಕ್ರಮದಲ್ಲಿ ಹಾಡುತ್ತಿದೆ. ಪೂರ್ತಿ ಅಳಿಸಿ, ಒಂದೊಂದೇ ಫೋಲ್ಡರನ್ನು ಬೇಕಾದ ಕ್ರಮದಲ್ಲಿ ಮತ್ತೆ ಹಾಕಿ. ಅದೇ ಪೆನ್‌ಡ್ರೈವನ್ನು ಟಿ.ವಿ.ಗೆ ಚುಚ್ಚಿ ಸಿನಿಮಾ ನೋಡುವವರು ನೆನಪಿಡಬೇಕಾದ್ದು: ಫ್ಯಾಟ್32ಗೆ 4 ಜಿ.ಬಿ. ಮೀರಿದ ಒಂದೇ ಫೈಲು ಹಿಡಿಸದು.

ಇನ್ನೊಂದು ಪ್ರತಿ

ಸಂಗ್ರಹದ ಇನ್ನೊಂದು ಪ್ರತಿ ಇನ್ನೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಇನ್ನೊಂದು ಮನೆಯಲ್ಲಿ ಇರಬೇಕು. ಎರಡು ಕಡೆಯ ಫೋಲ್ಡರನ್ನು ಹೊಂದಿಸುವ ಫ್ರೀಫೈಲ್‌ಸಿಂಕ್ ಸಾಫ್ಟ್‌ವೇರ್ ಬಳಸುವುದಾದರೆ ‘ಅಪ್‌ಡೇಟ್’ ಆರಿಸಿ, ‘ಮಿರರ್’ ಬೇಡ. ಮಿರರ್ ಇಟ್ಟರೆ ಇಲ್ಲಿ ಕೈತಪ್ಪಿ ಅಳಿಸಿದ ಫೋಲ್ಡರು ಅಲ್ಲಿಯೂ ಅಳಿಯುತ್ತದೆ. ಮ್ಯೂಸಿಕ್‌ಬೀಯ ಲೈಬ್ರರಿ ಫೈಲನ್ನೂ ಜೊತೆಗೆ ಸೇರಿಸಿ. ಕಾಪಿ ಆಗುತ್ತಿರುವಾಗ ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆಫ್ ಆದರೆ ಕೊನೆಯ ಫೈಲು ಅರ್ಧಕ್ಕೇ ನಿಂತಿರುತ್ತದೆ, ಹೆಸರು ನೋಡಿದರೆ ಮಾತ್ರ ಸರಿಯಿರುವಂತೆ ಕಾಣುತ್ತದೆ. ಯು.ಪಿ.ಎಸ್. ಇಲ್ಲದವರು ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲಿನ ಎಣಿಕೆ ಮತ್ತು ಬೈಟಿನ ಲೆಕ್ಕ ಸರಿಯಿದೆಯೇ ನೋಡಿ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಆ ಡಿಸ್ಕು ಹಚ್ಚಿ ಬೇರೆ ಬೇರೆ ಫೋಲ್ಡರಿನ ನಾಲ್ಕು ಹಾಡು ಹಾಕಿ ಕೇಳಿ. ಟಿಕ್ ಟಿಕ್ ಸದ್ದು ಬಂದರೆ, ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿದರೆ ಅದನ್ನು ನಂಬಬೇಡಿ, ಅಂದೇ ಹೊಸ ಡಿಸ್ಕು ತಂದು ಇರುವ ಒಳ್ಳೆಯ ಪ್ರತಿಯಿಂದ ಕಾಪಿ ಮಾಡಿ.